ಎರಡು ಕೌಂಟಿಗಳ ಪಿಯಾನೋ

ಅಧ್ಯಕ್ಷರಾದ ಡ್ವೇನ್ ಟೆಸ್ಮರ್ ಅವರೇ, ವಿಸ್ಕಾನ್ಸಿನ್ನಿನ ಮೂಲೆಮೂಲೆಗಳಿಂದ ಹಿಮ ತುಳಿದು ಬಂದಿರುವ ಪಿಯಾನೋ ಶ್ರುತಿಗಾರ ಬಂಧುಗಳೇ, ಈ ಭಾಷಣ ಮುಗಿದರೆ ಊಟ ಎಂದು ಕಾಯುತ್ತಿರುವ ಅವರ ಮನೆಯವರೇ, ಸಭಿಕರೇ,

ಫಲಕ ಕೊಟ್ಟು ಗೌರವಿಸಿದ್ದೀರಿ. ಜೊತೆಗೆ, ಸ್ವಂತ ಕೆಲಸ ಶುರು ಮಾಡಿರುವ ಹೊಸಬರಿಗೆ ಮಾರಾಟ ತೆರಿಗೆಯ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ಕೇಳಿದ್ದೀರಿ. ಹೇಳುತ್ತೇನೆ. ಈ ಸಭಾಂಗಣದಲ್ಲಿ ಆ ವಿಷಯವನ್ನು ನನಗಿಂತ ಚೆನ್ನಾಗಿ ಬಲ್ಲವರು ಇಲ್ಲ. ವಿನಯಕ್ಕಾಗಿ ಸುಳ್ಳು ಹೇಳುವ ವಯಸ್ಸು ನನ್ನದಲ್ಲ.

ತೆರಿಗೆ ನಮ್ಮ ಹಣವೇ? ಅಲ್ಲ. ಗಿರಾಕಿ ಸರ್ಕಾರಕ್ಕೆಂದು ನಮ್ಮ ಕೈಯಲ್ಲಿಟ್ಟ ಹಣ. ಅದನ್ನು ಬೇರೆಯಾಗಿಡಿ, ಕಾರಿನ ಟೈರಿಗೆ ಖರ್ಚು ಮಾಡಬೇಡಿ. ಚರ್ಚಿನವರು ವಿನಾಯಿತಿ ಪತ್ರ ಕೊಡುತ್ತೇವೆ ಎಂದರೆ, ಪತ್ರ ಕೈಗೆ ಬರುವವರೆಗೆ ಅಲ್ಲೇ ನಿಂತಿರಿ, ಪಾದ್ರಿಗಳಿಗೂ ಮರೆವಿರುತ್ತದೆ. ಇನ್ನು ತೆರಿಗೆಯ ದರ. ನಿಮ್ಮ ಮನೆ ಎಲ್ಲಿದೆ ಎಂದು ನೋಡಬೇಡಿ, ಪಿಯಾನೋ ಎಲ್ಲಿ ನಿಂತಿದೆ ಎಂದು ನೋಡಿ. ಈ ಪಾಠವನ್ನು ನಾನು ಕಲಿತದ್ದು ಕ್ಲೆಮ್ ಜಬ್ಲೊನ್ಸ್ಕಿಯ ಬಾರಿನಲ್ಲಿ.

ಆಗ ನಾನು ವಾದ್ಯಗಳ ಅಂಗಡಿಯ ನೌಕರಿ ಬಿಟ್ಟು ಒಂದು ವರ್ಷವಾಗಿತ್ತು. ಬಿಡುವ ದಿನ ಅಂಗಡಿಯ ಮಾಲೀಕ ಹೇಳಿದ್ದ: "ಶ್ರುತಿ ಮಾಡೋದು ಬರುತ್ತೆ ಆರ್ಡಿಸ್, ಲೆಕ್ಕ ಕೊಡೋದು ಬರಲ್ಲ. ಒಂದಿನ ಟ್ಯಾಕ್ಸ್‌ನೋರು ಬಾಗಿಲು ಬಡೀತಾರೆ, ಅವತ್ತು ನೀನು ನನ್ನ ಬಾಗಿಲು ಬಡೀತೀಯ." ಆ ಮಾತು ಸುಳ್ಳಾಗಬೇಕೆಂಬ ಒಂದೇ ಹಟದಿಂದ ನಾನು ದುಡಿಯುತ್ತಿದ್ದೆ. ಅವನ ಬಾಗಿಲು ಬಡಿಯುವುದಕ್ಕಿಂತ ಹಾಲಿನ ಲಾರಿ ಓಡಿಸುವುದು ಮೇಲು ಎಂದುಕೊಂಡಿದ್ದೆ.

ಕ್ಲೆಮ್‌ನ ಬಾರು ಸರಿಯಾಗಿ ಎರಡು ಕೌಂಟಿಗಳ ಗಡಿಯ ಮೇಲಿತ್ತು. ಬ್ರಾಂದಿ ಸುರಿಯುವ ಕಟ್ಟೆ ಒಂದು ಕೌಂಟಿಯಲ್ಲಿ, ಪೋಲ್ಕಾ ಕುಣಿಯುವ ಜಾಗ ಇನ್ನೊಂದರಲ್ಲಿ. ಕುಣಿಯುವ ಕಡೆಯ ಕೌಂಟಿ ರಾಜ್ಯದ ತೆರಿಗೆಯ ಮೇಲೆ ತನ್ನದೂ ಅರ್ಧ ಪರ್ಸೆಂಟ್ ಸೇರಿಸಿತ್ತು. ಆ ಅರ್ಧ ಪರ್ಸೆಂಟ್ ಉಳಿಸಲು ನಾನು ಬರುವ ದಿನ ಕ್ಲೆಮ್ ಪಿಯಾನೋವನ್ನು ಕಟ್ಟೆಯ ಕಡೆಗೆ ತಳ್ಳಿ ನಿಲ್ಲಿಸಿರುತ್ತಿದ್ದ. ಮರೆತ ದಿನ ಅದು ಆಚೆ ಕಡೆಯಲ್ಲೇ ಇರುತ್ತಿತ್ತು. ನಿಂತ ಕಡೆಯ ದರ ಹಾಕಿ ನಾನು ಬಿಲ್ ಬರೆಯುತ್ತಿದ್ದೆ. ಸರಿ ತಾನೇ? ನೂರಕ್ಕೆ ನೂರು ಸರಿ.

ಆದರೆ ಅವನು ತಿಂಗಳಿಗೊಮ್ಮೆ ಕರೆಯುತ್ತಿದ್ದ. ಕೆಟ್ಟಿರುತ್ತಿದ್ದದ್ದು ಯಾವಾಗಲೂ ಮಧ್ಯದ ಅದೇ ಮೂರು ಸ್ವರ. ಹವೆಯ ತೇವ ಇರಬೇಕು ಎಂದುಕೊಂಡೆ. ನಗಬೇಡಿ ಡ್ವೇನ್. ತೇವ ಮೂರೇ ಸ್ವರಗಳನ್ನು ಆರಿಸಿಕೊಂಡು ಹತ್ತುವುದಿಲ್ಲ ಎಂದು ನನಗೂ ಗೊತ್ತು. ಅಲ್ಲಿಗೆ ಹೋಗುವಾಗ ನೀಲಿ ಕೋಟು ಹಾಕುತ್ತಿದ್ದೆ, ಆ ಬಾರಿನಲ್ಲಿ ಚಳಿ ಹೆಚ್ಚು ಎಂಬ ಕಾರಣಕ್ಕೆ ಮಾತ್ರ.

ಒಂದು ದಿನ ಬಾಗಿಲು ಬಡಿದವರು ತೆರಿಗೆ ಇಲಾಖೆಯ ಮಿಸ್ ಪ್ರೀಬೆ. ಹೈಸ್ಕೂಲಿನವರೇ ವರ್ಷಕ್ಕೆರಡು ಸಲ ಕರೆಸುವಾಗ ಬಾರಿನ ಪಿಯಾನೋಗೆ ತಿಂಗಳಿಗೊಮ್ಮೆ ಶ್ರುತಿಯೇ, ಅದೂ ಒಮ್ಮೆ ಈ ಕೌಂಟಿ, ಒಮ್ಮೆ ಆ ಕೌಂಟಿ ಎಂದು ಕೇಳಿದರು. ಬಾರಿನ ಖರ್ಚು ಉಬ್ಬಿಸಲು ನಾನು ಸುಳ್ಳು ಬಿಲ್ ಬರೆದುಕೊಡುತ್ತೇನೆ ಎಂಬುದು ಅವರ ಗುಮಾನಿ. ಅದು ನಿಜವೆಂದಾದರೆ ನನ್ನ ಪರವಾನಗಿ ಹೋಯಿತು, ಹೆಸರು ಹೋಯಿತು, ಮತ್ತೆ ಆ ಅಂಗಡಿಯ ಬಾಗಿಲು.

ಬಾರಿಗೇ ಹೋದೆವು. ಶುಕ್ರವಾರದ ವಾಡಿಕೆಯಂತೆ ಅರ್ಧ ಊರು ಅಲ್ಲಿ ಕರಿದ ಮೀನು ತಿನ್ನುತ್ತಿತ್ತು. ಈ ಮೂಲೆಯಿಂದ ಆ ಮೂಲೆಗೆ ತಳ್ಳಿದರೆ ಪಿಯಾನೋ ಇಷ್ಟು ಕೆಡುತ್ತದೆಯೇ ಎಂದು ಮಿಸ್ ಪ್ರೀಬೆ ನನ್ನನ್ನು ಕೇಳಿದರು. ಹೌದು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನಾನು ಶ್ರುತಿಗಾರ್ತಿ, ಹೌದು ಎಂದು ಹೇಗೆ ಹೇಳಲಿ? ಕೆಡುವುದಿಲ್ಲ ಎಂದೆ. ಹಾಗಾದರೆ ಯಾಕೆ ಕೆಟ್ಟಿತು ಎಂದು ಅವರು ಕ್ಲೆಮ್ ಕಡೆ ತಿರುಗಿದರು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜನ ಇರುತ್ತಾರಲ್ಲ, ಕ್ಲೆಮ್ ಆ ಜಾತಿ. ಕುತ್ತಿಗೆಯವರೆಗೂ ಕೆಂಪಾದ. ಕಟ್ಟೆಯ ಕೆಳಗೆ ಕೈ ಹಾಕಿ ಒಂದು ಪಾನಾ ತೆಗೆದು ಎಲ್ಲರೆದುರು ಇಟ್ಟ.

"ನಾನೇ ತಂತಿ ಸಡಿಲ ಮಾಡ್ತಿದ್ದೆ ಮೇಡಂ," ಎಂದ. "ಇವ್ರು ಬರ್ಲಿ ಅಂತ. ಇವ್ರದೇನೂ ತಪ್ಪಿಲ್ಲ."

ಮೀನು ತಿನ್ನುತ್ತಿದ್ದವರೆಲ್ಲ ನಮ್ಮ ಕಡೆ ತಿರುಗಿದರು. ಮಿಸ್ ಪ್ರೀಬೆ ಸ್ವಲ್ಪ ಹೊತ್ತು ಪಾನಾ ನೋಡಿದರು, ಸ್ವಲ್ಪ ಹೊತ್ತು ನನ್ನ ನೀಲಿ ಕೋಟು ನೋಡಿದರು. ಸಡಿಲ ಮಾಡಿದವರು ಯಾರಾದರೇನು, ಬಿಗಿ ಮಾಡಿದ್ದು ನಿಜ, ಬಿಲ್ ನಿಜ, ತೆರಿಗೆಯೂ ಸರಿಯಾಗಿ ಬಂದಿದೆ ಎಂದು ಹೇಳಿ ಎದ್ದರು. ನನ್ನ ಪರವಾನಗಿ ಉಳಿಯಿತು, ಹೆಸರೂ ಉಳಿಯಿತು.

ಅವರು ಹೋದ ಮೇಲೆ ಕ್ಲೆಮ್ ತಲೆ ಎತ್ತದೆ ಕೇಳಿದ: "ಇನ್ನು ಬರಲ್ಲ ಅಲ್ವಾ ನೀವು?"

"ಆ ಪಾನಾ ಇತ್ಲಾಗೆ ಕೊಡಿ," ಎಂದೆ. "ಮೀನು ತಿನ್ನೋಕೆ ಪ್ರತಿ ಶುಕ್ರವಾರ ಬರ್ತೀನಿ. ಅದಕ್ಕೆ ಪಿಯಾನೋ ಯಾಕೆ ಕೆಡಬೇಕು?"

ಹೊಸಬರೇ, ಲೆಕ್ಕ ನೇರವಾಗಿಡಿ, ಯಾರ ಬಾಗಿಲನ್ನೂ ಬಡಿಯಬೇಕಾಗುವುದಿಲ್ಲ. ಮರುವರ್ಷದಿಂದ ಆ ಬಾರಿಗೆ ನಾನು ಒಂದು ಬಿಲ್ಲನ್ನೂ ಬರೆದಿಲ್ಲ. ಯಾಕೆಂದು ಇಲಾಖೆ ಕೇಳಲಿಲ್ಲ. ನಿಮಗೆ ಕೇಳಬೇಕೆನಿಸಿದರೆ ಮೂರನೇ ಸಾಲಿನಲ್ಲಿ ಕುತ್ತಿಗೆಯವರೆಗೂ ಕೆಂಪಾಗಿ ಕುಳಿತಿರುವ ನಮ್ಮ ಮನೆಯವರನ್ನು ಕೇಳಿ.

ಇಷ್ಟು ಹೊತ್ತು ಹಸಿವು ತಡೆದು ಕೇಳಿದ ನಿಮಗೆಲ್ಲ ವಂದನೆ, ನಮಸ್ಕಾರ.