ಹೊಳೆಯುವ ಕಪ್ಪು

ಆಸ್ಪತ್ರೆಯ ಬೆಂಚಿನಲ್ಲಿ ಜಪ ಮಾಡುತ್ತಿದ್ದ ನನ್ನ ಪಕ್ಕ ಅಣ್ಣತಮ್ಮಂದಿರಿಬ್ಬರು ಬಂದು ಕುಳಿತರು. ಮುಂಗೈಯಿಂದ ಗುದ್ದಿ ಚಿಪ್ಪನ್ನೂ ಒಡೆಯಬಲ್ಲ ‘ಗುದ್ದುವ ಸಿಗಡಿ’ ಸಾಕುವವರ ಮನೆಗಳಿಗೆ ಅಕ್ವೇರಿಯಂ ಮಾಡಿ ಬಣ್ಣ ಬಳಿಯುವವರು ಎಂದು ಅವರ ಮಾತಿನಿಂದ ತಿಳಿಯಿತು. ಅಣ್ಣನ ಬಲಗೈ ಹೆಬ್ಬೆರಳಿನಿಂದ ರಕ್ತ ಸೋರುತ್ತಿತ್ತು.

“ತೊಟ್ಟಿ ಒಳಗೋಡೆಗೆ ಹೊಳೆಯೋ ಕಪ್ಪು ಯಾಕೋ ಬಳಿದೆ?” ಅಣ್ಣ ಗದರಿದ.

“ಚೆಂದ ಕಾಣ್ಲಿ ಅಂತ.”

“ಕನ್ನಡಿ ಆಯ್ತಲ್ಲೋ, ದಡ್ಡ! ಸಿಗಡಿ ತನ್ನ ಬಿಂಬಾನೇ ಶತ್ರು ಅಂದ್ಕೊಂಡು ಗುದ್ದಿ ಗುದ್ದಿ ಒಂದು ಕೈ ಮುರ್ಕೊಂಡ್ತು.”

“ನೀನ್ಯಾಕೆ ಒಳಗೆ ಕೈ ಹಾಕ್ದೆ?”

“ಸಾಯೋದನ್ನ ನೋಡ್ತಾ ಕೂರ್ಲಾ? ಎತ್ತೋಕೆ ಹೋದ್ರೆ ಇನ್ನೊಂದು ಕೈಯಲ್ಲಿ ಗುದ್ದಿ ನನ್ನ ಹೆಬ್ಬೆರಳಿನ ಎಲುಬೇ ಪುಡಿ ಮಾಡ್ತು.”

“ಅದನ್ನ ಜಜ್ಜಿ ಸಾಯಿಸ್ತೀನಿ, ಬಿಡಲ್ಲ.”

“ಮುಟ್ಟಿದ್ರೆ ನಿನ್ನ ಹಲ್ಲು ಉದುರಿಸ್ತೀನಿ. ಪೊರೆ ಕಳಚಿದಾಗ ಅದಕ್ಕೆ ಹೊಸ ಕೈ ಬರುತ್ತೆ.”

“ನಿನಗೆ?”

ನರ್ಸ್ ಕರೆದರು. ಅಣ್ಣ ಎದ್ದು, ರಕ್ತ ಹತ್ತಿದ ಕೈಯಿಂದಲೇ ತಮ್ಮನ ಭುಜ ಹಿಡಿದ.

“ಆ ಕಪ್ಪು ಕೆರೆದು ಹಾಕು. ಇನ್ನು ಕುಂಚ ನೀನೊಬ್ಬನೇ ಹಿಡೀಬೇಕು. ಹೊಳಪು ಬೇಡ.”