ಇದ್ದಿಲಣ್ಣ

ಬಸ್‌ಸ್ಟಾಪಿನಲ್ಲಿ ನನ್ನ ಹಿಂದೆ ಬಟ್ಟೆ ಕಾರ್ಖಾನೆಯ ಇಬ್ಬರು ಹೆಂಗಸರು ನಿಂತಿದ್ದರು. ಮೈಬಣ್ಣ ನೋಡಿ ಜನರನ್ನು ಹೀಯಾಳಿಸುವುದರ ಬಗ್ಗೆ ಹಿಂದಿನ ದಿನ ಅಲ್ಲಿ ಸಭೆ ನಡೆದಿತ್ತಂತೆ.

“ಮರ್ಯಾದೆಯಿಂದ ಮಾತಾಡಿ ಅಂದ್ರಲ್ಲ, ಅದಕ್ಕೇ ‘ಇದ್ದಿಲಣ್ಣ, ಮೊದಲು ನೀವು ಹೇಳಿ’ ಅಂದೆ ಕಣೇ.”

“ಇದ್ದಿಲಿಗೆ ಅಣ್ಣ ಸೇರಿಸಿದ್ರೆ ಮರ್ಯಾದೆ ಆಗತ್ತೇನೇ, ಮಹರಾಯ್ತಿ?”

“ಹನ್ನೊಂದು ವರ್ಷದಿಂದ ನನ್ನ ಮೆಷಿನ್ ರಿಪೇರಿ ಮಾಡ್ತಿದಾನೆ. ಹಾಗೆ ಕರೆದಾಗೆಲ್ಲ ನಗ್ತಿದ್ದ.”

“ನಿನ್ನೆ ನಗಲಿಲ್ಲ.”

“ಹೂಂ. ಮಾತಾಡೋಕೆ ಅಂತ ಬರ್ಕೊಂಡು ಬಂದಿದ್ದ ಚೀಟಿ ಮಡಿಚ್ಕೊಂಡು ಎದ್ದು ಹೋದ.”

“ಹಿಂದೇನೇ ಹೋಗಿ ತಪ್ಪಾಯ್ತು ಅನ್ಬಾರ್ದಿತ್ತಾ?”

“ಗೇಟಿನವರೆಗೂ ಓಡಿದೆ. ಕೂಗೋಣ ಅಂದ್ರೆ ಅವನ ಹೆಸರೇ ಗೊತ್ತಿಲ್ಲ. ನಿಂಗೊತ್ತಾ?”

ಇನ್ನೊಬ್ಬಳು ಬ್ಯಾಗಿನಲ್ಲಿ ಚಿಲ್ಲರೆ ಹುಡುಕತೊಡಗಿದಳು.

ಬಸ್ಸು ಬಂತು. ಇಬ್ಬರೂ ಹತ್ತಿದರು.