ಹೆಸರಿಡದ ಯುಗ

ಜಪಾನಿನ ಹಕೊದಾತೆಯ ಆಸ್ಪತ್ರೆಯಲ್ಲಿ ಸರದಿ ಕಾಯುತ್ತಿದ್ದ ತೋಮಿಯೆಯ ಕಿವಿ, ಪಕ್ಕದಲ್ಲಿ ಕೂತಿದ್ದ ವಯಸ್ಸಾದ ಅಣ್ಣ-ತಂಗಿಯ ಕಡೆ ತಾನಾಗಿ ವಾಲಿತು.

“ಅಣ್ಣಾ, ಈ ಫಾರಂನಲ್ಲಿ ಇವತ್ತಿನ ತಾರೀಖಿಗೆ ಶೋವಾ ಯುಗ ಅಂತ ಬರ್ದಿದ್ದೀಯಲ್ಲ. ಆ ಚಕ್ರವರ್ತಿ ಸತ್ತು ಯಾವ ಕಾಲ ಆಯ್ತು.”

“ಚಕ್ರವರ್ತಿ ಬದಲಾದ್ರೆ ಯುಗಕ್ಕೆ ಹೊಸ ಹೆಸರಿಡ್ತಾರೆ. ಸಮುದ್ರದಲ್ಲಿ ಬೊಂಡಾಸ ಮೀನೇ ಇಲ್ಲ, ಬೆಳಗಾದ್ರೆ ಕ್ಷಿಪಣಿ ಬಂತು ಅಂತ ಫೋನು ಕಿರುಚುತ್ತೆ. ಇದಕ್ಕೆ ಯಾರು ಹೆಸರಿಡ್ತಾರೆ?”

“ನಿಂಗೆ ಎಲ್ಲದ್ರಲ್ಲೂ ಪ್ರಳಯಾನೇ ಕಾಣೋದು.”

“ಶೋವಾದಲ್ಲಿ ಅಪ್ಪನೂ ನಿನ್ನ ಹಂಗೇ ಅಂತಿದ್ದ. ದೊಡ್ಡಣ್ಣನ್ನ ಯುದ್ಧಕ್ಕೆ ಕರ್ದು ಕಾಗದ ಬಂತಲ್ಲ, ಆಮೇಲೇ ಬಾಯಿ ಮುಚ್ಚಿದ್ದು.”

ನರ್ಸು ಅಣ್ಣನ ಹೆಸರು ಕೂಗಿದಳು. ತಂಗಿ ಏಳಲಿಲ್ಲ.

“ಅಣ್ಣಾ, ನನ್ನ ಮೊಮ್ಮಗಂಗೆ ಹದಿನೆಂಟಾಯ್ತು. ಸೇನೆಗೆ ಸೇರು ಅಂತ ಮೊನ್ನೆ ಕಾಗದ ಬಂದಿದೆ. ಬರೀ ಜಾಹೀರಾತು ಅಂತಾಳೆ ಸೊಸೆ.”

“ಅವನಿಗೆ ಕೊಟ್ಯಾ?”

“ಅಕ್ಕಿ ಡಬ್ಬದೊಳಗೆ ಹುಗಿದಿಟ್ಟಿದ್ದೀನಿ.”

ಅಣ್ಣ ಫಾರಂನ ತಾರೀಖು ತಿದ್ದಲು ಪೆನ್ನು ತೆಗೆದ. ತಂಗಿ ಅವನ ಕೈ ಹಿಡಿದು ಎಬ್ಬಿಸಿದಳು.

“ಶೋವಾ ಅಂತಲೇ ಇರ್ಲಿ ಬಿಡು,” ಎಂದು ಒಳಗೆ ಕರೆದುಕೊಂಡು ಹೋದಳು.